ಹಂದಿ ಫೀಡ್‌ಗೆ ಸುಣ್ಣಕಲ್ಲಿನ ಪುಡಿ ಸುರಿಯುವ ಮುನ್ನ ಇದನ್ನೊಮ್ಮೆ ಓದಿ

ಫೀಡ್ ಮನೆಯಲ್ಲೇ ಮಿಕ್ಸ್ ಮಾಡುವ ಹಂದಿ ಸಾಕಣೆದಾರರು ದಯವಿಟ್ಟು ಓದಿ. ನನ್ನ ಶೆಡ್‌ನಲ್ಲಿ ಆದದ್ದು ನಿಮ್ಮಲ್ಲಿ ಆಗಬಾರದು.

ಹಾಲು ಬಿಟ್ಟ 22 ಯಾರ್ಕ್‌ಶೈರ್ ಮರಿ ತಂದಿದ್ದೆ. ರೆಡಿ ಫೀಡ್ ದುಬಾರಿ ಅಂತ ನಾನೇ ಮಿಕ್ಸ್ ಮಾಡಿದೆ. 100 ಕೆಜಿಗೆ ಮೆಕ್ಕೆಜೋಳ 50, ಅಕ್ಕಿ ತೌಡು 25, ಸೋಯಾ ಹಿಂಡಿ 20. ಉಳಿದದ್ದು ಉಪ್ಪು, ವಿಟಮಿನ್, ಸುಣ್ಣಕಲ್ಲಿನ ಪುಡಿ. "ಮೂಳೆ ಗಟ್ಟಿಯಾಗ್ಬೇಕಾ, ಕಲ್ಲಿನ ಪುಡಿ 3 ಕೆಜಿ ಹಾಕಿ. ಡಿಸಿಪಿ ಎಲ್ಲ ಸುಮ್ನೆ ಖರ್ಚು" ಅಂದರು ಅಂಗಡಿಯವರು. ಡಿಸಿಪಿ ಅಂದರೆ ಕ್ಯಾಲ್ಸಿಯಂ ಜೊತೆ ರಂಜಕವನ್ನೂ (ಫಾಸ್ಫರಸ್) ಕೊಡುವ ಡೈಕ್ಯಾಲ್ಸಿಯಂ ಫಾಸ್ಫೇಟ್ ಪುಡಿ. ಮೂಳೆಗೆ ಎರಡೂ ಬೇಕು. ನಂಬಿದೆ. ಲ್ಯಾಬ್‌ಗೂ ಕೊಟ್ಟೆ. ರಂಜಕ 0.65% ಅಂತ ಬಂತು. ಧಾರಾಳವಾಗಿದೆ ಅಂತ ನೆಮ್ಮದಿಯಿಂದ ಇದ್ದೆ.

ಮರಿಗಳು 35 ಕೆಜಿ ಆಗುವ ಹೊತ್ತಿಗೆ ತಿನ್ನುವುದು ಕಡಿಮೆಯಾಯಿತು. ಕಾಲು ಬಿಗಿಹಿಡಿದಂತೆ ನಡೆಯತೊಡಗಿದವು. ಒಂದು ನಾಯಿಯ ಹಾಗೆ ಕೂತೇ ಇತ್ತು, ಹಿಂಭಾಗ ಎತ್ತಲು ಆಗುತ್ತಿರಲಿಲ್ಲ. ಮತ್ತೆ ಅದೇ ಅಂಗಡಿಗೆ ಹೋದೆ. ಕ್ಯಾಲ್ಸಿಯಂ ಬಾಟಲಿ ಕೊಟ್ಟರು, ಕುಡಿಸಿದೆ. ಇನ್ನೂ ಕೆಟ್ಟಿತು. ಇನ್ನೊಂದು ಮರಿ ಶೆಡ್‌ನಲ್ಲಿ ಜಾರಿತು ಅಷ್ಟೇ, ತೊಡೆಮೂಳೆ ಮುರಿಯಿತು. ಅದರ ಕೂಗು ಈಗಲೂ ಕಿವಿಯಲ್ಲಿದೆ.

ಕೊನೆಗೆ ಬಂದ ಪಶುವೈದ್ಯರು ಮೊದಲು ಕೇಳಿದ್ದು ಫೀಡ್ ಲೆಕ್ಕ. ಆಮೇಲೆ ಬಿಡಿಸಿ ಹೇಳಿದರು. ಕಾಳು, ತೌಡು, ಹಿಂಡಿಯಲ್ಲಿರುವ ರಂಜಕದ ಹೆಚ್ಚಿನ ಪಾಲು ಫೈಟೇಟ್ ರೂಪದಲ್ಲಿ ಕಟ್ಟಿಕೊಂಡಿರುತ್ತದೆ. ಅದನ್ನು ಬಿಡಿಸುವ ಫೈಟೇಸ್ ಕಿಣ್ವ ಹಂದಿಯ ಹೊಟ್ಟೆಯಲ್ಲಿ ಸಾಕಷ್ಟಿಲ್ಲ. ನನ್ನ ಫೀಡ್‌ನ 0.65ರಲ್ಲಿ ಮೂರನೇ ಒಂದು ಭಾಗವೂ ಮೈಗೆ ಹತ್ತುವುದಿಲ್ಲ. ಉಳಿದದ್ದು ಸಗಣಿಯಲ್ಲಿ ಹೋಗುತ್ತದೆ. ಲ್ಯಾಬ್ ಹೇಳುವುದು ಒಟ್ಟು ರಂಜಕ, ಹಂದಿಗೆ ದಕ್ಕುವ ರಂಜಕ ಅಲ್ಲ.

ಇದರ ಮೇಲೆ ನನ್ನ ಕಲ್ಲಿನ ಪುಡಿ. ಅದರಲ್ಲಿ ಸುಮಾರು 38% ಕ್ಯಾಲ್ಸಿಯಂ. 3 ಕೆಜಿ ಹಾಕಿದರೆ ಫೀಡ್‌ನಲ್ಲಿ 1.1% ದಾಟುತ್ತದೆ. 25ರಿಂದ 50 ಕೆಜಿ ತೂಕದ ಹಂದಿಗೆ ಬೇಕಾದದ್ದು 0.66% ಕ್ಯಾಲ್ಸಿಯಂ, ಜೀರ್ಣವಾಗುವ ರಂಜಕ 0.31%. ಇದು ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿಯ (ಎನ್‌ಆರ್‌ಸಿ) 2012ರ ಲೆಕ್ಕ. ಜಾಸ್ತಿ ಆದ ಕ್ಯಾಲ್ಸಿಯಂ ಕರುಳಿನಲ್ಲಿ ರಂಜಕವನ್ನು ಹಿಡಿದು ಕರಗದ ಹಾಗೆ ಮಾಡುತ್ತದೆ. ದಕ್ಕಬೇಕಿದ್ದ ಸ್ವಲ್ಪವನ್ನೂ ನಾನೇ ತಪ್ಪಿಸಿದ್ದೆ. ಆ ಬಾಟಲಿ ಇನ್ನಷ್ಟು ತಪ್ಪಿಸಿತು.

ಕಲ್ಲಿನ ಪುಡಿ ತುಂಬಾ ಇಳಿಸಿ, ಡಿಸಿಪಿ ಮತ್ತು ಫೈಟೇಸ್ ಸೇರಿಸಲು ಹೇಳಿದರು. ಅಲ್ಲಿ ಇನ್ನೊಂದು ತಪ್ಪು ಮಾಡಿದೆ. ಫೀಡ್ ಜೊತೆ ಕೊಡಲು ಹೋಟೆಲ್ ಉಳಿಕೆ ಬೇಯಿಸುವ ಹಂಡೆಗೇ ಫೈಟೇಸ್ ಹಾಕಿದೆ. ಕುದಿಯುವ ಬಿಸಿಗೆ ಆ ಕಿಣ್ವ ಸತ್ತೇ ಹೋಗುತ್ತದೆ. ಹಾಕಿದ್ದೆಲ್ಲ ನೀರಲ್ಲಿ ಹೋಮ. ಆರಿದ ಮೇಲೆಯೇ ಬೆರೆಸಬೇಕು. ಚೀಲವನ್ನೂ ಬಿಸಿಲಿಗೆ ಬಿಡಬಾರದು.

ಎರಡು ಮರಿ ಉಳಿಯಲಿಲ್ಲ. ಉಳಿದವು ವಾರಗಳ ನಂತರ ಸರಿಯಾಗಿ ನಡೆದವು, ಆದರೆ ತೂಕ ಹಿಂದೆ ಬಿದ್ದದ್ದು ಬಿದ್ದೇ ಹೋಯಿತು.

ನಿಮ್ಮ ಮರಿ ಕುಂಟಿದರೆ ಕ್ಯಾಲ್ಸಿಯಂ ಬಾಟಲಿಗೆ ಓಡಬೇಡಿ. ಯಾವುದು ಎಷ್ಟು ಕೆಜಿ ಹಾಕಿದ್ದೀರಿ ಅಂತ ಚೀಟಿಯಲ್ಲಿ ಬರೆದು, ಒಂದು ಹಿಡಿ ಫೀಡ್ ಜೊತೆ ಅವತ್ತೇ ಪಶುವೈದ್ಯರಿಗೆ ತೋರಿಸಿ.