ಸಿಮೆಂಟ್ ನೆಲವೋ, ಹಲಗೆಯೋ, ಅಟ್ಟವೋ: ಬ್ಯಾಟರಿ ಇಟ್ಟು ನೋಡಿದೆ

ಕಾರಿನ ಬ್ಯಾಟರಿಯನ್ನು ಬರೀ ಸಿಮೆಂಟ್ ನೆಲದ ಮೇಲೆ ಇಟ್ಟರೆ ಚಾರ್ಜೆಲ್ಲ ನೆಲಕ್ಕೆ ಇಳಿದುಹೋಗುತ್ತೆ ಅಂತ ನಮ್ಮ ಮೆಕ್ಯಾನಿಕ್ ಯಾವಾಗಲೂ ಹೇಳುತ್ತಿದ್ದರು. ಅಪ್ಪ ಅದಕ್ಕೇ ಅಂತ ಶೆಡ್ಡಿನಲ್ಲಿ ಒಂದು ಹಲಸಿನ ಹಲಗೆ ಹಾಕಿಟ್ಟಿದ್ದರು. ಕಳೆದ ಮಳೆಗಾಲದಲ್ಲಿ ಪರೀಕ್ಷೆ ಮಾಡಿಯೇ ಬಿಡೋಣ ಅನ್ನಿಸಿತು.

ನನ್ನದೂ ಅಣ್ಣನದೂ ಎರಡೂ ಓಮ್ನಿ. ಬ್ಯಾಟರಿಗಳನ್ನು ಒಂದೇ ದಿನ ತಂದಿದ್ದೆವು, ಎರಡೂ 35 ಎಎಚ್ (ಆಂಪಿಯರ್-ಅವರ್, ಅಂದರೆ ಎಷ್ಟು ಚಾರ್ಜ್ ಹಿಡಿಯುತ್ತೆ ಅನ್ನುವ ಅಳತೆ). ತೀರ್ಥಹಳ್ಳಿ ಕಡೆ ಮಳೆ ಹಿಡಿದರೆ ಗಾಡಿ ಹೊರಗೆ ತೆಗೆಯುವುದೇ ಕಡಿಮೆ. ಜೂನ್ ಮೊದಲ ವಾರ ಎರಡನ್ನೂ ಬಿಚ್ಚಿ, ಫುಲ್ ಚಾರ್ಜ್ ಮಾಡಿ, ಒಂದು ರಾತ್ರಿ ಸುಮ್ನೆ ಬಿಟ್ಟೆ. ಚಾರ್ಜರ್ ತೆಗೆದ ತಕ್ಷಣ ಅಳೆದರೆ ವೋಲ್ಟೇಜ್ ಇರುವುದಕ್ಕಿಂತ ಜಾಸ್ತಿ ತೋರಿಸುತ್ತೆ.

ಆಗ ಒಂದು ವಿಷಯ ಕಣ್ಣಿಗೆ ಬಿತ್ತು. ಮೀಟರಿನ ಕಪ್ಪು ಕಡ್ಡಿಯನ್ನು ನೆಗೆಟಿವ್ ಟರ್ಮಿನಲ್ಲಿಗೆ ಹಿಡಿದು, ಕೆಂಪು ಕಡ್ಡಿಯನ್ನು ಅಣ್ಣನ ಬ್ಯಾಟರಿಯ ಪ್ಲಾಸ್ಟಿಕ್ ಮುಚ್ಚಳಕ್ಕೆ ಸೋಕಿಸಿದೆ. 2 ವೋಲ್ಟ್ ತೋರಿಸಿತು! ಮೇಲೆ ಕೂತಿದ್ದ ಧೂಳು, ಆಸಿಡ್ ಪಸೆಯಲ್ಲೇ ಕರೆಂಟ್ ಹರಿಯುತ್ತಿತ್ತು. ಅಡುಗೆ ಸೋಡಾ ನೀರಿನಲ್ಲಿ ಬಟ್ಟೆ ಅದ್ದಿ, ಚೆನ್ನಾಗಿ ಹಿಂಡಿ ಒರೆಸಿದೆ. ಒಂದು ಹನಿಯೂ ಒಳಗೆ ಹೋಗದ ಹಾಗೆ ನೋಡಿಕೊಳ್ಳಬೇಕು. ಒಣಗಿದ ಮೇಲೆ ಸೊನ್ನೆ.

ಈಗ ಎರಡೂ 12.68 ವೋಲ್ಟ್. ಒಂದನ್ನು ನೆಲಕ್ಕೆ, ಇನ್ನೊಂದನ್ನು ಪಕ್ಕದಲ್ಲೇ ಹಲಗೆ ಮೇಲೆ ಇಟ್ಟೆ. ನೆಲ ಬೆವರುವ ಕಾಲ ಬೇರೆ. ಮೂರು ತಿಂಗಳಾದ ಮೇಲೆ ನೆಲದ್ದು 12.53, ಹಲಗೆಯದ್ದು 12.52. ವ್ಯತ್ಯಾಸವೇ ಇಲ್ಲ ಅಲ್ವಾ?

ಹಾಗಂತ ಹಿರಿಯರು ಹೇಳಿದ್ದು ಸುಳ್ಳಲ್ಲ. ಹಿಂದಿನ ಕಾಲದಲ್ಲಿ ಬ್ಯಾಟರಿಗೆ ಡಾಂಬರು ಬಳಿದ ಮರದ ಪೆಟ್ಟಿಗೆ ಇರುತ್ತಿತ್ತು, ಆಮೇಲೆ ಗಟ್ಟಿ ರಬ್ಬರಿನದು ಬಂತು. ಅವು ತೇವ ಹೀರುತ್ತಿದ್ದವು, ಸೋರುತ್ತಿದ್ದವು. ಈಗಿನದು ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್. ಅದನ್ನು ದಾಟಿ ಕರೆಂಟ್ ನೆಲಕ್ಕೆ ಹೋಗುವುದಿಲ್ಲ.

ಮಾರ್ಚಿನಲ್ಲಿ ಮತ್ತೆ ಫುಲ್ ಚಾರ್ಜ್ ಮಾಡಿ, ಒಂದನ್ನು ನೆಲದಲ್ಲೇ ಬಿಟ್ಟು ಇನ್ನೊಂದನ್ನು ತಗಡಿನ ಕೆಳಗಿನ ಅಟ್ಟಕ್ಕೆ ಹತ್ತಿಸಿದೆ. ನಿಜವಾದ ಪೆಟ್ಟು ಬಿದ್ದದ್ದು ಇಲ್ಲಿ. ಮೇ ಕೊನೆಗೆ ನೆಲದ್ದು 12.50, ಅಟ್ಟದ್ದು 12.36. ಹತ್ತು ಡಿಗ್ರಿ ಸೆಖೆ ಏರಿದರೆ ಬ್ಯಾಟರಿ ತಾನಾಗಿ ಇಳಿಯುವ ವೇಗ ಹೆಚ್ಚುಕಮ್ಮಿ ಎರಡು ಪಟ್ಟಾಗುತ್ತದೆ. 12.4ಕ್ಕಿಂತ ಕೆಳಗೆ ಬಹಳ ದಿನ ಬಿಟ್ಟರೆ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗುತ್ತದೆ, ಆಮೇಲೆ ಚಾರ್ಜ್ ಹಿಡಿಯುವುದಿಲ್ಲ. ಅಟ್ಟದ್ದನ್ನು ಅವತ್ತೇ ಚಾರ್ಜಿಗೆ ಹಾಕಿದೆ.

ಗಾಡಿಯಲ್ಲೇ ವೈರ್ ಬಿಚ್ಚದೆ ಬಿಡುವುದು ಎಲ್ಲಕ್ಕಿಂತ ಕೆಟ್ಟದ್ದು. ಈ ಪರೀಕ್ಷೆ ಶುರು ಮಾಡುವ ಹಿಂದಿನ ವರ್ಷ ಹಾಗೆ ಬಿಟ್ಟು, ಸ್ಟೀರಿಯೋ ಕರೆಂಟ್ ಎಳೆದೂ ಎಳೆದೂ ಆರು ವಾರಕ್ಕೆ ಸೆಲ್ಫ್ ತಗೊಳ್ಳಲೇ ಇಲ್ಲ.

ಈಗ ನಮ್ಮ ಎರಡೂ ಬ್ಯಾಟರಿ ಶೆಡ್ಡಿನ ತಂಪು ಮೂಲೆಯಲ್ಲಿ ನೆಲದ ಮೇಲೇ ಇವೆ. ಆರು ವಾರಕ್ಕೊಮ್ಮೆ ಮೀಟರ್ ಹಿಡಿಯುತ್ತೇನೆ. ಚಾರ್ಜಿಗೆ ಇಡುವ ಜಾಗದಲ್ಲಿ ಮಾತ್ರ ಆಸಿಡ್ ಸಿಡಿದು ಸಿಮೆಂಟ್ ಪುಡಿ ಏಳುತ್ತಿದೆ. ಅಲ್ಲಿ ಕೆಳಗೊಂದು ಪ್ಲಾಸ್ಟಿಕ್ ಟ್ರೇ ಹಾಕಿದ್ದೇನೆ, ನೆಲ ಉಳಿಯಲಿ ಅಂತ.