ಪಾಪ್‌ಕಾರ್ನ್ ಕೋಶಗಳ ಬೆನ್ನು ಹತ್ತಲು ಯಾವ ವಿಧಾನ?

ನೋಡ್ಯುಲರ್ ಲಿಂಫೋಸೈಟ್ ಪ್ರಿಡಾಮಿನೆಂಟ್ ಹಾಜ್‌ಕಿನ್ ಲಿಂಫೋಮಾದ (ದುಗ್ಧಗ್ರಂಥಿಗಳ ಒಂದು ಅಪರೂಪದ ಕ್ಯಾನ್ಸರ್) ಮೇಲೆ ಥೀಸಿಸ್ ಮಾಡಲು ಸಿಂಗಲ್ ಸೆಲ್ ಸೀಕ್ವೆನ್ಸಿಂಗ್ (ಒಂದೊಂದೇ ಕೋಶದ ಜೀನ್‌ಗಳನ್ನು ಓದುವುದು) ಒಳ್ಳೆಯದೋ, ಮಲ್ಟಿಪ್ಲೆಕ್ಸ್ ಸ್ಟೇನಿಂಗ್ (ಅಂಗಾಂಶದ ಒಂದೇ ತೆಳು ಪದರದಲ್ಲಿ ಹಲವು ಗುರುತುಗಳಿಗೆ ಬಣ್ಣ ಹಾಕುವುದು) ಒಳ್ಳೆಯದೋ ಎಂದು ಕೇಳಿದ್ದೀರಿ. ಮೊದಲು ಗಡ್ಡೆಯನ್ನೇ ನೋಡಿ. ಇದರಲ್ಲಿ ಕ್ಯಾನ್ಸರ್ ಕೋಶಗಳು ತುಂಬಾ ಕಡಿಮೆ. ಉಳಿದದ್ದೆಲ್ಲ ರೋಗನಿರೋಧಕ ವ್ಯವಸ್ಥೆಯ ಬಿ ಕೋಶ, ಟಿ ಕೋಶಗಳ ಜಾತ್ರೆ. ಆ ಕ್ಯಾನ್ಸರ್ ಕೋಶ, ಅಂದರೆ ಸಿಡಿ20 ಎಂಬ ಗುರುತಿನ ಪ್ರೋಟೀನ್ ಇರುವ ದೊಡ್ಡ ಪಾಪ್‌ಕಾರ್ನ್ ಕೋಶವನ್ನು ಪಿಡಿ-1 ಎಂಬ ಪ್ರೋಟೀನ್ ಇರುವ ಟಿ ಕೋಶಗಳು ಸುತ್ತುವರಿದಿರುತ್ತವೆ.

ಈ ಸುತ್ತುವರಿಕೆಯೇ ನಿಮ್ಮ ವಿಷಯವಾದರೆ ಸ್ಟೇನಿಂಗ್ ಕಡೆ ವಾಲುತ್ತೇನೆ. ಸಿಂಗಲ್ ಸೆಲ್‌ಗೆ ಅಂಗಾಂಶವನ್ನು ಬಿಡಿಬಿಡಿ ಮಾಡಬೇಕು. ಆಗ ಯಾರ ಪಕ್ಕ ಯಾರಿದ್ದರು ಅನ್ನೋದು ಅಳಿಸಿಹೋಗುತ್ತದೆ. ದೊಡ್ಡ ಕೋಶಗಳು ಒಡೆದು ಲೆಕ್ಕಕ್ಕೇ ಸಿಗದಿರಬಹುದು. ಇರುವುದೇ ಅಪರೂಪ, ಅದೂ ಹೋದರೆ ಕಷ್ಟ ಅಲ್ವಾ?

ಆದರೆ ಸ್ಟೇನಿಂಗ್ ನೀವು ಆರಿಸಿದ ಗುರುತುಗಳನ್ನಷ್ಟೇ ತೋರಿಸುತ್ತದೆ. ಟಿ ಕೋಶಗಳಲ್ಲಿ ಗೊತ್ತಿಲ್ಲದ ಹೊಸ ಗುಂಪು ಹುಡುಕಬೇಕಾದರೆ ಸಾವಿರಾರು ಜೀನ್ ಓದುವ ಸಿಂಗಲ್ ಸೆಲ್ ಬೇಕು. ಅದಕ್ಕೆ ಖರ್ಚು ಜಾಸ್ತಿ.

ಸ್ಯಾಂಪಲ್ ವಿಚಾರ ಬಂದರೆ, ಸಿಂಗಲ್ ಸೆಲ್‌ಗೆ ಸಾಮಾನ್ಯವಾಗಿ ತಾಜಾ ಅಂಗಾಂಶ ಬೇಕು. ಅಪರೂಪದ ಕಾಯಿಲೆಗೆ ಅದು ಸುಮ್ನೆ ಸಿಗುವುದಿಲ್ಲ. ಸ್ಟೇನಿಂಗ್‌ಗೆ ಪೆಥಾಲಜಿ ವಿಭಾಗದ ಹಳೆಯ ಪ್ಯಾರಾಫಿನ್ ಬ್ಲಾಕ್ (ಮೇಣದಲ್ಲಿ ಹುದುಗಿಸಿ ಕಾದಿಟ್ಟ ಅಂಗಾಂಶ) ಸಾಕು. ವರ್ಷಗಳ ಕೇಸುಗಳನ್ನು ಒಟ್ಟಿಗೆ ನೋಡಬಹುದು.

ಸ್ಪೇಷಿಯಲ್ ಟ್ರಾನ್ಸ್‌ಕ್ರಿಪ್ಟೋಮಿಕ್ಸ್ ಎಂಬ ಮೂರನೇ ವಿಧಾನ ಜಾಗವನ್ನೂ ಜೀನನ್ನೂ ಒಟ್ಟಿಗೆ ಕೊಡುತ್ತದೆ. ಆದರೆ ಈ ವಿಧಾನದ ವಿಸಿಯಂ (Visium) ಎಂಬ ತಂತ್ರದ ಮೊದಲ ಆವೃತ್ತಿಯಲ್ಲಿ ಜೀನ್ ಓದುವ ಒಂದು ಚುಕ್ಕೆ 55 ಮೈಕ್ರಾನ್ ಅಗಲ. ಅದರೊಳಗೆ ಹಲವು ಕೋಶಗಳು ಬೆರೆತುಹೋಗುತ್ತವೆ. ತಗೊಳ್ಳುವ ಮುನ್ನ ರೆಸೊಲ್ಯೂಷನ್ (ಎಷ್ಟು ಚಿಕ್ಕದನ್ನು ಬೇರೆಯಾಗಿ ತೋರಿಸುತ್ತದೆ ಎಂದು) ಕೇಳಿಕೊಳ್ಳಿ.