ಹಾಲಂಡ್ ಜೊತೆ ಸಲಾನೂ ಬೇಕಾ? 100 ಮಿಲಿಯನ್‌ನಲ್ಲಿ ತಂಡ ಕಟ್ಟೋ ಎರಡು ದಾರಿ

ನನ್ನ ಓಟು ಯಾವುದಕ್ಕೆ ಅಂತ ಮೊದಲೇ ಹೇಳಿಬಿಡ್ತೀನಿ. ಫ್ಯಾಂಟಸಿ ಪ್ರೀಮಿಯರ್ ಲೀಗ್‌ನಲ್ಲಿ (ಇಂಗ್ಲೆಂಡ್‌ನ ಪ್ರೀಮಿಯರ್ ಲೀಗ್ ಫುಟ್‌ಬಾಲ್ ಆಟಗಾರರಲ್ಲಿ 15 ಜನರನ್ನು 100 ಮಿಲಿಯನ್ ಕಾಲ್ಪನಿಕ ದುಡ್ಡಲ್ಲಿ ಕೊಂಡು, ಅವರ ನಿಜವಾದ ಆಟಕ್ಕೆ ಪಾಯಿಂಟ್ ಗಳಿಸೋ ಆನ್‌ಲೈನ್ ಆಟ) ದುಬಾರಿ ಆಟಗಾರ ಒಬ್ಬ ಸಾಕು, ಉಳಿದ ದುಡ್ಡು ಆರು, ಏಳು ಮಿಲಿಯನ್‌ನ ಗಟ್ಟಿ ಆಟಗಾರರಿಗೆ ಹೋಗಬೇಕು. 2024-25ರ ಸೀಸನ್ ಶುರುವಿನಲ್ಲಿ ಮ್ಯಾಂಚೆಸ್ಟರ್ ಸಿಟಿಯ ಹಾಲಂಡ್, ಲಿವರ್‌ಪೂಲ್‌ನ ಸಲಾ ಇಬ್ಬರನ್ನೂ ಇಟ್ಕೊಂಡು ಆಡಿದೆ. ದೀಪಾವಳಿ ಹೊತ್ತಿಗೆ ವೈಲ್ಡ್‌ಕಾರ್ಡ್ (ಪಾಯಿಂಟ್ ಕಟ್ ಇಲ್ಲದೆ ತಂಡವನ್ನೆಲ್ಲ ಬದಲಿಸೋ ಅವಕಾಶ) ಹಾಕಿ, ಸಲಾನೊಬ್ಬನನ್ನು ಉಳಿಸಿಕೊಂಡು, ಮಿಕ್ಕ ದುಡ್ಡನ್ನು ತಂಡಕ್ಕೆಲ್ಲ ಹರಡಿ ಆಡಿದೆ. ಮಂಡ್ಯದಲ್ಲಿರೋ ನಮ್ಮ ಭಾವ ಮಾತ್ರ ಇವತ್ತಿಗೂ ಇಬ್ಬರು ಸ್ಟಾರ್‌ಗಳ ಪಕ್ಷ. ನಮ್ಮ ಮನೆಯವರ ಮಿನಿ ಲೀಗ್‌ನಲ್ಲಿ ಈ ವಾದ ಪ್ರತಿ ಆಗಸ್ಟ್‌ಗೂ ಹೊಸದಾಗಿ ಎದ್ದು ನಿಲ್ಲುತ್ತೆ.

ಭಾವನ ದಾರಿಯಲ್ಲಿ ಸುಖ ಇಲ್ಲ ಅಂತಲ್ಲ. ಆ ಆಗಸ್ಟ್‌ನಲ್ಲಿ ಹಾಲಂಡ್ ಇಪ್ಸ್‌ವಿಚ್ ಮೇಲೆ ಹ್ಯಾಟ್ರಿಕ್ ಹೊಡೆದ, ಮುಂದಿನ ವಾರವೇ ವೆಸ್ಟ್ ಹ್ಯಾಮ್ ಮೇಲೆ ಇನ್ನೊಂದು. ಮೊದಲ ಐದು ಪಂದ್ಯಕ್ಕೆ 10 ಗೋಲು. ಕ್ಯಾಪ್ಟನ್ ಮಾಡಿದವರಿಗೆ ಪಾಯಿಂಟ್ ಎರಡರಷ್ಟು. "ಹಾಲಂಡ್ ಇಲ್ದೇ ಇರೋರು ರಾತ್ರಿ ಹೆಂಗ್ರಪ್ಪಾ ನಿದ್ದೆ ಮಾಡ್ತೀರಾ?" ಅಂತ ಭಾವ ಗ್ರೂಪ್‌ಗೆ ಮೆಸೇಜ್ ಹಾಕಿದ್ರು. ಆ ವಾರಗಳಲ್ಲಿ ಅವರ ಮಾತಿಗೆ ಯಾರ ಹತ್ರಾನೂ ಉತ್ತರ ಇರಲಿಲ್ಲ.

ಆದರೆ ದುಡ್ಡಿನ ಲೆಕ್ಕ ನೋಡಿ. ಆ ಸೀಸನ್‌ನಲ್ಲಿ ಹಾಲಂಡ್ ಬೆಲೆ 15.0, ಸಲಾದು 12.5. ಇಬ್ಬರಿಗೇ 27.5 ಹೋಯ್ತು. ಉಳಿದ 13 ಜನಕ್ಕೆ 72.5, ಅಂದ್ರೆ ತಲೆಗೆ ಐದೂವರೆ ಚಿಲ್ಲರೆ. ಆಡೋ ಹನ್ನೊಂದು ಜನ ಹೇಗೋ ಆಗ್ತಾರೆ, ಬೆಂಚ್, ಅಂದ್ರೆ ನಾಲ್ಕು ಬದಲಿ ಆಟಗಾರರು, ಆಗಲ್ಲ. ಅಲ್ಲಿ ಕೂರೋರು 4.0ದ ಡಿಫೆಂಡರ್, 4.5ರ ಮಿಡ್‌ಫೀಲ್ಡರ್. ಅವರು ತಮ್ಮ ಕ್ಲಬ್‌ನಲ್ಲೇ ಆಡಲ್ಲ. ನಮ್ಮ ಹನ್ನೊಂದರಲ್ಲಿ ಒಬ್ಬ ಮೈದಾನಕ್ಕಿಳಿಯದೇ ಹೋದ್ರೆ ಬದಲಿಗೆ ಒಳಗೆ ಬರೋರೇ ಇಲ್ಲ.

ಅದನ್ನಾದ್ರೂ ಸಹಿಸಬಹುದು. ನಿಜವಾಗಿ ತಲೆ ಕೆಡಿಸೋದು ಮಾರೋ ಬೆಲೆ. ಆಟಗಾರನ ಬೆಲೆ ಏರಿದ್ರೆ ಲಾಭದಲ್ಲಿ ಅರ್ಧ ಮಾತ್ರ ನಮಗೆ, ಅದೂ 0.1ರ ಲೆಕ್ಕಕ್ಕೆ ಕೆಳಕ್ಕೆ ಇಳಿಸಿ. 15.0ಕ್ಕೆ ಕೊಂಡ ಹಾಲಂಡ್ 15.3 ಆದ ಅಂದ್ಕೊಳ್ಳಿ. ಮಾರಿದ್ರೆ ಕೈಗೆ ಬರೋದು 15.1. ವಾಪಸ್ ತರಬೇಕು ಅಂದ್ರೆ ಪೂರ್ತಿ 15.3 ಎಣಿಸಬೇಕು. ಸಂತೆಯಲ್ಲಿ ಮಾರಿದ ಹಸುವನ್ನೇ ಮುಂದಿನ ವಾರ ಜಾಸ್ತಿ ಕೊಟ್ಟು ಹೊಡ್ಕೊಂಡು ಬಂದ ಹಾಗೆ. ಕೊಂಡ ಬೆಲೆಗಿಂತ ಕೆಳಗೆ ಬಿದ್ದರೆ ಆ ನಷ್ಟ ಮಾತ್ರ ಪೂರ್ತಿ ನಮ್ಮದೇ.

0.2 ಯಾವ ದೊಡ್ಡ ದುಡ್ಡು ಅನ್ನಿಸಬಹುದು. ಇಬ್ಬರು ಸ್ಟಾರ್‌ಗಳ ತಂಡದಲ್ಲಿ ಅದೇ ದೊಡ್ಡದು, ಯಾಕಂದ್ರೆ ಅಲ್ಲಿ ಮಿಗೋ ಕಾಸೇ ಇರಲ್ಲ. ಹಾಲಂಡ್ ವಾಪಸ್ ಬರಬೇಕಾದ್ರೆ 5.5ರ ಒಳ್ಳೆ ಡಿಫೆಂಡರ್‌ನ ಮಾರಿ 5.0ದವನನ್ನು ತರಬೇಕು, ಹಾಲಂಡ್ ಬದಲಿಗೆ ಬಂದವನನ್ನೂ ಮಾರಬೇಕು. ವಾರಕ್ಕೆ ಸಿಗೋ ಫ್ರೀ ಟ್ರಾನ್ಸ್‌ಫರ್ (ಒಬ್ಬನನ್ನು ಮಾರಿ ಇನ್ನೊಬ್ಬನನ್ನು ತರೋ ಅವಕಾಶ) ಒಂದು, ಅದು ಮೀರಿದ ಪ್ರತಿಯೊಂದಕ್ಕೂ 4 ಪಾಯಿಂಟ್ ಕಟ್. ಹೀಗಾಗಿ ಸ್ಟಾರ್ ಸುಮ್ಮನಿದ್ದಾಗಲೂ ಮಾರೋಕೆ ಧೈರ್ಯ ಬರಲ್ಲ. ನೂರರಲ್ಲಿ ಹದಿನೈದು ಮಿಲಿಯನ್ ಹಾಗೇ ಸಿಕ್ಕಿಹಾಕ್ಕೊಂಡಿರುತ್ತೆ. ಆ ಸಲ ಅಷ್ಟು ಬಿರುಸಾಗಿ ಶುರು ಮಾಡಿದ ಹಾಲಂಡ್ ಸೀಸನ್ ಮುಗಿಸಿದ್ದು 22 ಗೋಲಿಗೆ.

ಈಗ ಹರಡಿದ ತಂಡ. ಅದೇ ಸೀಸನ್‌ನಲ್ಲಿ ಬ್ರೆಂಟ್‌ಫರ್ಡ್‌ನ ಎಂಬ್ಯುಮೊ ಶುರುವಿನ ಬೆಲೆ 7.0, ನಾಟಿಂಗ್‌ಹ್ಯಾಮ್ ಫಾರೆಸ್ಟ್‌ನ ಕ್ರಿಸ್ ವುಡ್‌ದು 6.0. ಇಬ್ಬರೂ ತಲಾ 20 ಗೋಲು ಹೊಡೆದ್ರು. ಹಾಲಂಡ್‌ಗಿಂತ ಎರಡು ಮಿಲಿಯನ್ ಕಡಿಮೆಗೆ 40 ಗೋಲು! ಮೇಲಾಗಿ ಎಂಬ್ಯುಮೊ ಮಿಡ್‌ಫೀಲ್ಡರ್ ಪಟ್ಟಿಯಲ್ಲಿದ್ದ, ಅವನ ಗೋಲಿಗೆ ಐದು ಪಾಯಿಂಟ್, ಫಾರ್ವರ್ಡ್ ಗೋಲಿಗೆ ನಾಲ್ಕು. ಹಾಗಂತ ಸ್ಟಾರೇ ಬೇಡ ಅಂತ ನಾನು ಹೇಳ್ತಿಲ್ಲ. ಸಲಾ ಆ ವರ್ಷ 344 ಪಾಯಿಂಟ್ ತಂದ, 2017-18ರಲ್ಲಿ ತಾನೇ ಮಾಡಿದ್ದ 303ರ ದಾಖಲೆ ಮುರಿದ. ಅಂಥವನು ಒಬ್ಬ ಇರಲೇಬೇಕು.

7.0ದವನು ಮಂಕಾದ್ರೆ ಇನ್ನೊಬ್ಬ 7.0ದವನು ಒಂದೇ ಟ್ರಾನ್ಸ್‌ಫರ್‌ಗೆ ಬರ್ತಾನೆ. ಬಳಸದ ಟ್ರಾನ್ಸ್‌ಫರ್‌ಗಳನ್ನು 2024-25ರಿಂದ ಐದರವರೆಗೂ ಕೂಡಿಡಬಹುದು, ಅದಂತೂ ಇಂಥ ತಂಡಕ್ಕೇ ಮಾಡಿಟ್ಟ ಅನುಕೂಲ. 2025-26ರಲ್ಲಿ ಡಿಫೆಂಡರ್‌ಗಳಿಗೆ ಹೊಸ ಪಾಯಿಂಟ್ ಬಂತು: ಟ್ಯಾಕಲ್, ಬ್ಲಾಕ್, ಇಂಟರ್‌ಸೆಪ್ಶನ್, ಕ್ಲಿಯರೆನ್ಸ್ ಎಲ್ಲ ಸೇರಿ ಒಂದು ಪಂದ್ಯದಲ್ಲಿ ಹತ್ತಾದ್ರೆ ಎರಡು ಪಾಯಿಂಟ್. ದಿನವಿಡೀ ಚೆಂಡು ಹೊರಗಟ್ಟೋ ಸಣ್ಣ ಕ್ಲಬ್‌ಗಳ ಡಿಫೆಂಡರ್‌ಗಳಿಗೂ ಈಗ ಬೆಲೆ ಇದೆ.

ನನ್ನ ದಿನಚರಿಗೂ ಇದೇ ಹೊಂದುತ್ತೆ. ಕೆಲಸ ಮಂಡ್ಯದಲ್ಲಿ, ಮನೆ ಮೈಸೂರಲ್ಲಿ. ತಂಡ ನೋಡೋದು ಸಂಜೆ ರೈಲಲ್ಲಿ, ಶ್ರೀರಂಗಪಟ್ಟಣ ದಾಟೋ ಹೊತ್ತಿಗೆ ಮುಗಿಸಿರ್ತೀನಿ. ಶನಿವಾರದ ಮೊದಲ ಪಂದ್ಯ ಇಂಗ್ಲೆಂಡ್‌ನಲ್ಲಿ ಮಧ್ಯಾಹ್ನ 12:30ಕ್ಕಿದ್ರೆ ತಂಡ ಬದಲಿಸೋ ಡೆಡ್‌ಲೈನ್ ನಮಗೆ ಮೂರೂವರೆಗೆ, ಅಕ್ಟೋಬರ್ ಕೊನೆಗೆ ಅವರು ಗಡಿಯಾರ ಹಿಂದಕ್ಕಿಟ್ಟ ಮೇಲೆ ನಾಲ್ಕೂವರೆಗೆ. ಶುಕ್ರವಾರ ರಾತ್ರಿ ಎಂಟರ ಪಂದ್ಯ ಇದ್ರೆ ಹನ್ನೊಂದಕ್ಕೋ ಮಧ್ಯರಾತ್ರಿಗೋ. ಅಷ್ಟು ಹೊತ್ತು ಕೂತು ಗಾಯದ ಸುದ್ದಿ ಹುಡುಕೋಕೆ ನನ್ನಿಂದಾಗಲ್ಲ. ಆಡೋ ಬೆಂಚ್ ಇದ್ರೆ ಹುಡುಕಬೇಕಾಗೂ ಇಲ್ಲ, ಒಬ್ಬ ಕೈಕೊಟ್ರೆ ಇನ್ನೊಬ್ಬ ತಾನಾಗೇ ಒಳಗೆ ಬರ್ತಾನೆ. ಭಾವ ರಾತ್ರಿಯೆಲ್ಲ ಪಂದ್ಯ ನೋಡ್ತಾರೆ, ಬೆಲೆ ಏರಿಳಿತಾನ ದಿನಾ ಹಿಂಬಾಲಿಸ್ತಾರೆ. ಅಷ್ಟು ಪುರುಸೊತ್ತಿರೋರಿಗೆ ಇಬ್ಬರು ಸ್ಟಾರ್ ತಂಡ ನಡೆಯುತ್ತೆ.

2025-26ಕ್ಕೆ ಸಲಾ 14.5, ಹಾಲಂಡ್ 14.0 ಅಂತ ಬೆಲೆ ಬಂತು, ಇಬ್ಬರೂ ಬೇಕಂದ್ರೆ 28.5. ನಾನು ಹಾಲಂಡ್‌ನೊಬ್ಬನನ್ನೇ ತಗೊಂಡೆ. ಉಳಿದ ದುಡ್ಡಲ್ಲಿ ಮೊದಲು ತುಂಬಿದ್ದು ಬೆಂಚ್‌ನ ಮೊದಲನೇ ಜಾಗ: 5.0ದವನಾದರೂ ಸರಿ, ವಾರವಾರ ತೊಂಬತ್ತು ನಿಮಿಷ ಆಡೋ ಡಿಫೆಂಡರ್.